ಕ್ರೈಸ್ತ ಸಭೆಯ ಹಾಲ್ ಓಣಿಗೆ ತೆರೆದರೆ ಏನೇನು ಮಾಡಬಹುದು, ಎಲ್ಲಿ ನಿಲ್ಲಬೇಕು?

ಹಾಲ್_ಕಮಿಟಿ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರದ ಆರಾಧನೆ ಬಿಟ್ಟರೆ ವಾರವಿಡೀ ಬೀಗ ಬಿದ್ದಿರುವ ನಮ್ಮ ಸಭೆಯ (ಚರ್ಚಿನ) ಹಾಲನ್ನು ತಿಂಗಳಿಗೆ ಎರಡು ಶನಿವಾರ ಓಣಿಯ ಎಲ್ಲ ಜಾತಿ-ಧರ್ಮದ ಜನರಿಗೂ ತೆರೆಯಬೇಕೆಂಬ ಪ್ರಸ್ತಾವ ಕಮಿಟಿಯ ಮುಂದಿದೆ. ಮತದಾರರ ಪಟ್ಟಿ, ಜನನ-ಮರಣ ದಾಖಲೆ, ಸ್ಮಶಾನದ ಜಾಗದ ಕಾಗದಪತ್ರ, ಮಳೆಗಾಲದಲ್ಲಿ ನೆರೆ ಬಂದರೆ ಆಸರೆ, ಇಂಥ ಕೆಲಸಗಳಿಗೆ. ಕೆಲವು ಹಿರಿಯರು "ಸಭೆ ಇರೋದು ದೇವರ ವಾಕ್ಯಕ್ಕ, ಪಾಲಿಕೆ ಕೆಲಸಕ್ಕಲ್ಲ" ಎನ್ನುತ್ತಾರೆ. ಇನ್ನು ಕೆಲವರು ಬೈಬಲಿನ ಯೆರೆಮೀಯ 29:7 ತೋರಿಸುತ್ತಾರೆ: ಸೆರೆಹೋದವರಿಗೇ ತಾವಿರುವ ಪಟ್ಟಣದ ಕ್ಷೇಮ ನೋಡಿರಿ ಎಂಬ ಆಜ್ಞೆಯಿರುವಾಗ, ಇದೇ ಮಣ್ಣಿನಲ್ಲಿ ಹುಟ್ಟಿದ ನಮಗೆ ಇಲ್ಲವೇ ಎಂಬುದು ಅವರ ವಾದ.

ಕೇಳಬೇಕಾದ್ದು ಮೂರು. ಕಾನೂನು ಎಲ್ಲಿ ಗೆರೆ ಎಳೆಯುತ್ತದೆ? ಯಾವ ಕೆಲಸ ನಿಜವಾಗಿ ಉಪಯೋಗಕ್ಕೆ ಬರುತ್ತದೆ? "ಮತಾಂತರಕ್ಕ ಮಾಡ್ಲಿಕ್ಕತ್ತಾರ" ಎಂಬ ಮಾತು ಬರದಂತೆ ನಡೆಸುವುದು ಹೇಗೆ? ಅನುಭವಿಗಳು ವಿವರವಾಗಿ ಬರೆಯಿರಿ.

ಬೆಟಗೇರಿ_ದಾಖಲೆ

ಮೂರನೆಯ ಪ್ರಶ್ನೆಯಿಂದಲೇ ಸುರು ಮಾಡುವುದು ಒಳ್ಳೆಯದು, ಏಕೆಂದರೆ ಅದರ ಬೇರು ಇತಿಹಾಸದಲ್ಲಿದೆ. ಜರ್ಮನ್-ಸ್ವಿಸ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಗದಗಿನ ಹತ್ತಿರದ ಮಲಸಮುದ್ರ. ಶಾಲೆ, ನೇಯ್ಗೆ, ದವಾಖಾನೆ, ಅಚ್ಚಿನ ಕೆಲಸ ಎಲ್ಲವೂ ಸುವಾರ್ತೆಯ ಜೊತೆಗೇ ಬಂದವು. 1894ರಲ್ಲಿ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಕೂಡ ಇದೇ ಮಿಷನ್ನಿನವರು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜೇ ಇದೆ. ಅದರ ಲಾಭ ಉಂಡವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು.

ಆದರೆ 1876-78ರ ಬರದಲ್ಲಿ ಮಿಷನ್ ಅನಾಥ ಮಕ್ಕಳನ್ನು ಸಾಕಿತು, ಆ ಮಕ್ಕಳು ಸಭೆಯಲ್ಲೇ ಬೆಳೆದರು. ಹಸಿದವರ ಜೀವ ಉಳಿಸಿದ್ದು ದೊಡ್ಡ ಕೆಲಸ. ಜೊತೆಗೇ ಅನ್ನಕ್ಕೂ ದೀಕ್ಷಾಸ್ನಾನಕ್ಕೂ (ಕ್ರೈಸ್ತ ಸಭೆಗೆ ಸೇರಿಸುವ ವಿಧಿ) ಒಂದು ಗಂಟು ಬಿತ್ತೆಂಬ ಅನುಮಾನ ಊರಿನ ನೆನಪಿನಲ್ಲಿ ಉಳಿಯಿತು. ಎರಡನ್ನೂ ಒಪ್ಪಿಕೊಂಡು ಕೆಲಸ ಮಾಡಬೇಕು. ಇಂದು ಹಾಲ್ ತೆರೆಯುವವರು ಆ ಗಂಟನ್ನು ಬಿಚ್ಚಿಯೇ ತೆರೆಯಬೇಕು: ಸೇವೆಯ ದಿನ ಪ್ರಾರ್ಥನೆಗೆ ಕರೆಯಬಾರದು, ಕರಪತ್ರ ಇಡಬಾರದು, ಹೆಸರು ಬರೆದುಕೊಳ್ಳುವಾಗ ಧರ್ಮದ ಕಾಲಮು ಇರಬಾರದು.

ಮೊದಲ ಮಹಾಯುದ್ಧದ ಪಾಠವನ್ನೂ ಮರೆಯಬಾರದು. ಆಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಹೊರಹಾಕಿತು, ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಹೊರಗಿನ ಕೈಯ ಮೇಲೆ ನಿಂತದ್ದು ಒಂದೇ ಆದೇಶಕ್ಕೆ ಅಲುಗಾಡಿತು. ಓಣಿಯ ಕೆಲಸ ಓಣಿಯ ದುಡ್ಡಿನಲ್ಲೇ ನಡೆಯಲಿ.

ಚುನಾವಣಾ_ಕೆಲಸ_ಧಾರವಾಡ

ಕಾನೂನಿನ ಗೆರೆ ಬಗ್ಗೆ. ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಕಾಯ್ದೆ 1988ರಿಂದ ಇದೆ. ಪೂಜಾಸ್ಥಳದ ಜಾಗವನ್ನಾಗಲಿ ಹಣವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸಿದರೆ 5 ವರ್ಷದವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ. ಗುಡಿ, ಮಸೀದಿ, ಗುರುದ್ವಾರ, ಚರ್ಚು ಎಲ್ಲಕ್ಕೂ ಒಂದೇ ನಿಯಮ. ಹಾಲ್ ಚರ್ಚಿನ ಕಂಪೌಂಡಿನೊಳಗಿದ್ದರೆ "ಅದು ಬೇರೆ ಕಟ್ಟಡ" ಎಂಬ ವಾದವನ್ನು ನಂಬಿ ಕೂರಬೇಡಿ.

ಎರಡನೆಯದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3). ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿತು: ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಕೇಳಿದರೂ ತಪ್ಪು.

ಸಭೆಗಳು ಎಡವುವುದು ಭಾಷಣದಲ್ಲಲ್ಲ, ಉಡುಗೊರೆಯಲ್ಲಿ. ಚುನಾವಣೆ ಹತ್ತಿರ ಬಂದಾಗ ಯಾರೋ ಬಂದು ಕಂಪೌಂಡ್ ಗೋಡೆ ಕಟ್ಟಿಸುತ್ತೇನೆ, ಮೈಕ್ ಸೆಟ್ ಕೊಡುತ್ತೇನೆ ಎನ್ನುತ್ತಾರೆ. ಆರಾಧನೆಯ ಕೊನೆಗೆ "ಎರಡು ಮಾತು" ಆಡಲು ಅವಕಾಶ ಕೇಳುತ್ತಾರೆ. ಅಲ್ಲಿಗೆ ಕೆಲಸ ಕೆಟ್ಟಿತು. ಚುನಾವಣೆ ಘೋಷಣೆಯಾದ ದಿನದಿಂದ ಪ್ರಕ್ರಿಯೆ ಮುಗಿಯುವವರೆಗೆ ಯಾವ ಅಭ್ಯರ್ಥಿಯಿಂದಲೂ ಪಕ್ಷದಿಂದಲೂ ಕಾಣಿಕೆ ಸ್ವೀಕರಿಸುವುದಿಲ್ಲ, ವೇದಿಕೆ ಕೊಡುವುದಿಲ್ಲ ಎಂದು ಈಗಲೇ ಠರಾವು ಬರೆದು ಸಭಾಪಾಲಕರ (ಪಾಸ್ಟರ್) ಕೈಗೆ ಕೊಡಿ. ಆ ಹೊತ್ತಿನಲ್ಲಿ ಅವರೊಬ್ಬರೇ ನಿಂತು ಇಲ್ಲ ಎನ್ನುವುದು ಕಷ್ಟ. ಠರಾವು ಕೈಯಲ್ಲಿದ್ದರೆ ಸುಲಭ.

ನ್ಯಾಯ_ನೀತಿ

ಅಣ್ಣಾರ, ನಿಮ್ಮ ಮಾತು ಒಪ್ಪತೇನಿ, ಆದ್ರ ಒಂದು ಅಂಜಿಕಿ ಐತಿ. ಇಷ್ಟೆಲ್ಲಾ ಗೆರಿ ಎಳಕೊಂಡ ಮ್ಯಾಲ ಸಭೆಗಳು ಬಾಯಿ ಮುಚ್ಚಿಕೊಂಡು ಕುಂಡ್ರತಾವ. ಪೌರಕಾರ್ಮಿಕರ ಪಗಾರ ತಡಾ ಆದ್ರೂ ಸುಮ್ಮ, ಮಲದ ಗುಂಡಿಗೆ ಮನುಷ್ಯಾನ್ನ ಇಳಿಸಿದ್ರೂ ಸುಮ್ಮ. 2013ರ ಕಾಯ್ದೆನೇ ಅದನ್ನ ನಿಷೇಧ ಮಾಡೇತಿ. ಬೈಬಲ್‌ನ್ಯಾಗ ನ್ಯಾಯ ಕೇಳಿದ ಪ್ರವಾದಿ ಆಮೋಸನ ಪುಸ್ತಕ ಓದೋ ಸಭೆ ಇಂಥಾದ್ರಾಗ ಸುಮ್ಮನ ಇರಬಾರ್ದು. ನ್ಯಾಯದ ಮಾತು ಆಡೂದು ರಾಜಕೀಯ ಅಲ್ಲ, ಅದೂ ವಾಕ್ಯದ ಕೆಲಸನ.

ಚುನಾವಣಾ_ಕೆಲಸ_ಧಾರವಾಡ

ಖಂಡಿತ ಒಪ್ಪುತ್ತೇನೆ. ಕಾಯ್ದೆ ತಡೆಯುವುದು ಪಕ್ಷಕ್ಕೆ, ಅಭ್ಯರ್ಥಿಗೆ ಜಾಗ ಕೊಡುವುದನ್ನು. ಕುಡಿಯುವ ನೀರು, ಕೂಲಿ, ಗುಂಡಿ ಸ್ವಚ್ಛತೆ, ಮಕ್ಕಳ ಶಾಲೆ, ಇವುಗಳ ಬಗ್ಗೆ ಪ್ರಸಂಗ (ಪ್ರವಚನ) ಮಾಡುವುದನ್ನಾಗಲಿ, ಪಾಲಿಕೆಗೆ ಮನವಿ ಕೊಡುವುದನ್ನಾಗಲಿ ಅದು ತಡೆಯುವುದಿಲ್ಲ. ಮನವಿಯನ್ನು ಸಭೆಯ ಲೆಟರ್‌ಹೆಡ್ಡಿನಲ್ಲಿ ಮಾತ್ರ ಕೊಡದೆ ಓಣಿಯ ಎಲ್ಲ ಮನೆಯವರ ಸಹಿಯೊಂದಿಗೆ ಕೊಡಿ, ತೂಕ ಹೆಚ್ಚು. ನೇರ ದಾರಿಯೂ ಇದೆ. ಮಹಾನಗರ ಪಾಲಿಕೆಗಳ ವಾರ್ಡ್ ಸಮಿತಿ ನಿಯಮಗಳ ಪ್ರಕಾರ ಪ್ರತಿ ವಾರ್ಡ್ ಸಮಿತಿಗೆ ಪಾಲಿಕೆ ಸದಸ್ಯರೇ ಅಧ್ಯಕ್ಷರು. 10 ಸದಸ್ಯರಲ್ಲಿ ಕನಿಷ್ಠ 3 ಮಹಿಳೆಯರು, 2 ಪರಿಶಿಷ್ಟರು, 2 ಸಂಘ-ಸಂಸ್ಥೆಗಳ ಪ್ರತಿನಿಧಿಗಳು ಇರಬೇಕು. ಅಲ್ಲಿ ಕ್ರೈಸ್ತರ ಪ್ರತಿನಿಧಿಯಾಗಿ ಕೂರುವುದಕ್ಕಿಂತ ಗಟಾರದ ಲೆಕ್ಕ ಗೊತ್ತಿರುವ ನಿವಾಸಿಯಾಗಿ ಕೂರುವುದು ಮೇಲು.

ಪಟ್ಟಿ_ಪರಿಷ್ಕರಣೆ

ಮತದಾರರ ಪಟ್ಟಿಯ ಕೆಲಸ ಹೀಗೆ. ಹೊಸ ಹೆಸರಿಗೆ ನಮೂನೆ 6. ಮನೆ ಬದಲಾವಣೆ, ತಿದ್ದುಪಡಿ, ಹೊಸ ಕಾರ್ಡು ಎಲ್ಲಕ್ಕೂ ನಮೂನೆ 8. ಹೆಸರು ತೆಗೆಯಲು ನಮೂನೆ 7. ಇದನ್ನು ಶಿಬಿರದಲ್ಲಿ ಇಡಲೇಬೇಡಿ, ಆ ವಿಷಯ ಮತಗಟ್ಟೆ ಅಧಿಕಾರಿಗೇ ಬಿಡಿ. 18 ತುಂಬುವ ಅರ್ಹತಾ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ದಾಟಿದವರು ಮುಂಗಡವಾಗಿ ಅರ್ಜಿ ಹಾಕಬಹುದು, ಪಿಯುಸಿ ಮಕ್ಕಳಿಗೆ ಇದನ್ನು ಹೇಳಿ.

ಶಿಬಿರದವರು ಅರ್ಜಿಗಳನ್ನು ಕಟ್ಟು ಕಟ್ಟಿ ಒಯ್ದು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಮತಗಟ್ಟೆ ಅಧಿಕಾರಿಯನ್ನೇ ಹಾಲಿಗೆ ಕರೆಸಿ, ಇಲ್ಲವೇ ಅವರವರ ಮೊಬೈಲಿನಿಂದ ಅವರವರೇ ಹಾಕುವಂತೆ ನೆರವಾಗಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಪೂರ್ವ, ಸೆಂಟ್ರಲ್, ಪಶ್ಚಿಮ ಎಂದು ಮೂರು ವಿಧಾನಸಭಾ ಕ್ಷೇತ್ರ. ಒಂದೇ ಸಭೆಯ ಜನ ಮೂರರಲ್ಲೂ ಹಂಚಿರುತ್ತಾರೆ, ಆದ್ದರಿಂದ ಟೇಬಲ್ಲುಗಳನ್ನು ಕ್ಷೇತ್ರದ ಪ್ರಕಾರ ಹಾಕಿ. ಸಂದೇಹಕ್ಕೆ ಸಹಾಯವಾಣಿ 1950.

ನಮ್ಮ ಜನರಲ್ಲಿ ಹೆಚ್ಚು ಕಾಣುವ ತೊಂದರೆ ಎರಡು ಹೆಸರಿನದು. ದೀಕ್ಷಾಸ್ನಾನದ ಹೆಸರು ಯೋಹಾನ, ಶಾಲೆಯಲ್ಲಿ ಜಾನ್, ಆಧಾರಿನಲ್ಲಿ ಮನೆಯ ಹೆಸರು. ಶಾಲಾ ದಾಖಲೆಯ ಹೆಸರನ್ನೇ ಗಟ್ಟಿ ಹಿಡಿದು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ, ಏಕೆಂದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದೇ ಎಲ್ಲಕ್ಕಿಂತ ಕಷ್ಟ.

ಪುಸ್ತಕ_ರಿಜಿಸ್ಟರ್

ಹೆಸರಿನ ಮಾತು ಬಂತಲ್ಲ, ಅದಕ್ಕೆ ಸೇರಿಸುತ್ತೇನೆ. ಮಗು ಹುಟ್ಟಿದಾಗ "ದೀಕ್ಷಾಸ್ನಾನದ ದಿನ ಹೆಸರಿಡೋಣ" ಎಂದು ಜನನ ನೋಂದಣಿಯಲ್ಲಿ ಹೆಸರಿನ ಜಾಗ ಖಾಲಿ ಬಿಡುತ್ತಾರೆ, ಆಮೇಲೆ ಮರೆಯುತ್ತಾರೆ. 12 ತಿಂಗಳೊಳಗೆ ಹೋದರೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ ತಡದ ಶುಲ್ಕದೊಂದಿಗೆ 15 ವರ್ಷದವರೆಗೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ಆಧಾರ. ಸಭೆಯ ದೀಕ್ಷಾಸ್ನಾನದ ಚೀಟಿ ನಡೆಯುವುದಿಲ್ಲ. ಆದ್ದರಿಂದ ದೀಕ್ಷಾಸ್ನಾನಕ್ಕೆ ಹೆಸರು ಕೊಡುವಾಗಲೇ ಜನನ ಪ್ರಮಾಣಪತ್ರದ ಪ್ರತಿ ಕೇಳುವ ಪದ್ಧತಿ ಇಡಿ. ಅಲ್ಲೇ ಸಿಕ್ಕಿಬೀಳುತ್ತದೆ.

ಹಳೆಯ ರಿಜಿಸ್ಟರುಗಳ ಬೆಲೆಯೇನೂ ಕಡಿಮೆಯಾಗಿಲ್ಲ. ಹಳಬರ ವಂಶಾವಳಿ, ವಾರಸಾ ಕೆಲಸಕ್ಕೆ ಪೂರಕ ದಾಖಲೆಯಾಗಿ ಬೇಕಾಗುತ್ತವೆ. ಗೆದ್ದಲು ಹತ್ತುವ ಮರದ ಕಪಾಟಿನಿಂದ ಕಬ್ಬಿಣದ ತಿಜೋರಿಗೆ ಸಾಗಿಸಿ, ಪುಟಪುಟದ ಫೋಟೋ ತೆಗೆದಿಡಿ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಹಳೆಯ ಕಾಗದ ಒಳಗೇ ಕಂದಿ ಹಾಳಾಗುತ್ತದೆ, ಬಿಡಿಸಲೂ ಬರುವುದಿಲ್ಲ.

ಜಾತಿ ಪ್ರಮಾಣಪತ್ರಕ್ಕೂ ಒಂದು ಮಾತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಇದು ಅನ್ಯಾಯವೆಂಬ ಹೋರಾಟ ಹಳೆಯದು, ನ್ಯಾಯವಾದದ್ದೂ ಹೌದು. ಆದರೆ ಇವತ್ತಿನ ಅರ್ಜಿಯಲ್ಲಿ ತಪ್ಪು ಬರೆಯಬಾರದು. ರಾಜ್ಯದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರು ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರು 3ಬಿಯಲ್ಲಿ. ನಾಡಕಚೇರಿಗೆ ಹೋಗುವ ಮುಂಚೆ ಶಾಲಾ ದಾಖಲೆಯಲ್ಲಿ ಏನಿದೆ ನೋಡಿ.

ಉತಾರ_ಪಹಣಿ

ಸ್ಮಶಾನದ ವಿಷಯ. ಎಲ್ಲಕ್ಕಿಂತ ಹೆಚ್ಚು ತಕರಾರು ಇಲ್ಲೇ, ಸಾವಾದ ದಿನವೇ ಏಳುತ್ತದೆ. ಆ ದಿನ ಯಾರೂ ಕಾಗದ ಹುಡುಕುವ ಸ್ಥಿತಿಯಲ್ಲಿ ಇರುವುದಿಲ್ಲ.

ಮೊದಲು ಜಾಗ ಯಾರ ಹೆಸರಲ್ಲಿದೆ ನೋಡಿ. ನಗರದೊಳಗಿದ್ದರೆ ಸಿಟಿ ಸರ್ವೆಯ ಉತಾರ (ಆಸ್ತಿ ದಾಖಲೆಯ ನಕಲು), ಹಳ್ಳಿಯಾಗಿದ್ದರೆ ಪಹಣಿ. ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾಣುತ್ತದೆ. ಹಳೇ ಮಿಷನ್ ಹೆಸರು ಹಾಗೇ ಉಳಿದಿರುತ್ತದೆ. ಇಲ್ಲವೇ ಸರ್ಕಾರಿ ಗಾಯರಾಣ (ಗೋಮಾಳ) ಎಂದಿರುತ್ತದೆ. ಇಲ್ಲವೇ ಯಾರೋ ಖಾಸಗಿ ರೈತರ ಹೆಸರಿನಲ್ಲಿದ್ದು, ಅಜ್ಜಂದಿರ ಕಾಲದ ಬಾಯಿಮಾತಿನ ಮೇಲೆ ಹೂಳುತ್ತ ಬಂದಿರುತ್ತಾರೆ. ಮೂರನೆಯದು ಅಪಾಯದ್ದು. ಹೊಲ ಮಾರಿದ ದಿನ ಹೊಸ ಮಾಲಕ ತಂತಿ ಬೇಲಿ ಹಾಕುತ್ತಾನೆ.

ಮೊದಲನೆಯದಾದರೆ ಆಸ್ತಿ ಹೊಂದಿರುವ ಟ್ರಸ್ಟಿನ ಮೂಲಕ ಹೆಸರು ಬದಲಾವಣೆಗೆ ಅರ್ಜಿ ಹೋಗಬೇಕು. ಸ್ಥಳೀಯ ಕಮಿಟಿ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದರೆ ಕೋರ್ಟಿನಲ್ಲಿ ಇಪ್ಪತ್ತು ವರ್ಷ. ಎರಡನೆಯದಾದರೆ ತಹಶೀಲ್ದಾರರಿಗೆ ಸ್ಮಶಾನಕ್ಕಾಗಿ ಕಾಯ್ದಿರಿಸುವಂತೆ ಅರ್ಜಿ. ಜೊತೆಗೆ ನಕಾಶೆ, ಊರಿನಲ್ಲಿರುವ ಕ್ರೈಸ್ತ ಕುಟುಂಬಗಳ ಪಟ್ಟಿ, ಗ್ರಾಮ ಪಂಚಾಯ್ತಿಯ ಠರಾವು. ಯಾವುದೇ ಆಗಲಿ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಮೂಲೆಗಳಲ್ಲಿ ಕಲ್ಲು ನೆಡಿ. ಅಳತೆಯ ದಿನ ಅಕ್ಕಪಕ್ಕದ ಹೊಲದವರಿಗೆ ನೋಟಿಸು ಮುಟ್ಟಿರಬೇಕು, ಇಲ್ಲವಾದರೆ ಅಳತೆ ಮತ್ತೆ ಮೊದಲಿನಿಂದ.

ಎಷ್ಟು ಜಾಗ ಬೇಕು? ಒಂದು ಗುಂಟೆ 1,089 ಚದರ ಅಡಿ. ದಾರಿ, ಗಿಡ, ಬೇಲಿಗೆ ಹತ್ತರಲ್ಲಿ ಮೂರು ಪಾಲು ಬಿಟ್ಟು ಏಳು ಪಾಲು ಹಿಡಿದರೆ 762 ಚದರ ಅಡಿ ಉಳಿಯುತ್ತದೆ. ನಡುವಿನ ಸಂದು ಸೇರಿ ಒಂದು ಗೋರಿಗೆ 8 ಅಡಿ ಉದ್ದ, 4 ಅಡಿ ಅಗಲ. ಗುಂಟೆಗೆ 23 ಗೋರಿ, ಅಷ್ಟೇ. ವರ್ಷಕ್ಕೆ 12 ಸಾವಾಗುವ ಸಭೆಗೆ ಒಂದು ಗುಂಟೆ ಎರಡು ವರ್ಷಕ್ಕೂ ಸಾಲದು. 20 ಗುಂಟೆ ಸಿಕ್ಕರೂ 38 ವರ್ಷ.

ಇದಕ್ಕೇ ಸಿಮೆಂಟಿನ ಗೋರಿ ಕಟ್ಟಿಸುವುದನ್ನು ನಿಲ್ಲಿಸಬೇಕು ಎನ್ನುವುದು. ಕಟ್ಟಿದ ಜಾಗ ಶಾಶ್ವತವಾಗಿ ಮುಗಿಯಿತು. ತಲೆಯ ಬಳಿ ಒಂದೂವರೆ ಅಡಿಯ ಕಲ್ಲು ಸಾಕು. ಅದೇ ಕುಟುಂಬದ ಇನ್ನೊಬ್ಬರನ್ನು ಮುಂದೆ ಅಲ್ಲೇ ಇಡಬಹುದು. ದುಃಖದಲ್ಲಿರುವ ಮನೆಯವರಿಗೆ ಅಂದೇ ಇದನ್ನು ಹೇಳುವುದು ಕ್ರೂರ, ಆದ್ದರಿಂದ ನಿಯಮ ಮೊದಲೇ ಬರೆದು ಗೇಟಿಗೆ ಹಾಕಿರಬೇಕು, ಶ್ರೀಮಂತರಿಗೂ ಅದೇ ಇರಬೇಕು.

ಮರಣ ನೋಂದಣಿ 21 ದಿನದೊಳಗೆ. 30 ದಿನದವರೆಗೆ ತಡದ ಶುಲ್ಕ, ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಸಭೆಯ ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ನೋಂದಣಿ ಆಗುವುದಿಲ್ಲ. ವಿಧವಾ ವೇತನ ಇಲ್ಲೇ ಸಿಕ್ಕಿಕೊಳ್ಳುತ್ತದೆ.

ಎರಿಭೂಮಿ_ನವಲಗುಂದ

ಗೋರಿ ಬಗ್ಗೆ ನಮ್ಮ ಎರಿ (ಕರಿ) ಮಣ್ಣಿನ ಮಾತು ಸೇರಸತೇನ್ರಿ. ಎರಿ ಭೂಮಿ ಬ್ಯಾಸಗ್ಯಾಗ ಬಿರೀತದ, ಮಳಿ ಬಿದ್ರ ಉಬ್ಬತದ. ತೆಗ್ಗಿಗೆ ಅದ ಮಣ್ಣು ತುಂಬಿದ್ರ ಮೊದಲನೇ ಮಳಿಗೇನ ಗೋರಿ ಕುಸೀತದ, ಜನ "ಹಂಗ್ಯಾಕ ಆತು" ಅಂತ ಅಂಜತಾರ. ಮ್ಯಾಲಿನ ಎರಡು ಅಡಿ ಗರಸು (ಸಣ್ಣ ಕಲ್ಲಿನ ಮಣ್ಣು) ತುಂಬಿ ದಮ್ಮಸ್ ಮಾಡ್ರಿ, ನೆಲಕ್ಕಿಂತ ಒಂದ ಅಡಿ ಎತ್ತರ ಬಿಡ್ರಿ. ಒಂದು ಟ್ರಾಕ್ಟರ್ ಗರಸು ಮಳಿಗಾಲಕ್ಕ ಮುಂಚೇನ ಮೂಲ್ಯಾಗ ಹಾಕಿಸಿ ಇಡ್ರಿ, ಮಳ್ಯಾಗ ಗಾಡಿ ಒಳಗ ಬರೂದುಲ್ಲ.

ಇನ್ನೊಂದು ಮಾತು. ಸ್ಮಶಾನ ಇಲ್ಲದ ಸಣ್ಣ ಸಭೆಯವ್ರು ಬಂದಾಗ "ನೀವು ನಮ್ಮ ಪಂಗಡ ಅಲ್ಲ" ಅಂತ ಗೇಟ್ ಹಾಕೂದು ಅದ ನೋಡ್ರಿ, ಅದು ನಿಲ್ಲಬೇಕು. ಊರವ್ರ ಹತ್ರ ಜಾಗ ಕೇಳೋ ನಾವು ನಮ್ಮವ್ರಿಗೇ ಕೊಡಲಿಲ್ಲಂದ್ರ ಯಾವ ಮುಖ ತಗೊಂಡು ಕೇಳೂದು?

ನೆರೆ_ನಿರ್ವಹಣೆ_ಗದಗ

ನೆರೆಯ ಆಸರೆ ಬಗ್ಗೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆ ನೀರು ನುಗ್ಗಿತು. ನವಿಲುತೀರ್ಥದ ಡ್ಯಾಮಿನಿಂದ ನೀರು ಬಿಟ್ಟಾಗ ಈ ಊರುಗಳಿಗೆ, ಬೆಣ್ಣಿಹಳ್ಳ ತುಂಬಿದಾಗ ನವಲಗುಂದದ ಕಡೆಗೆ, ಹಾವೇರಿಯಲ್ಲಿ ವರದಾ ತುಂಬಿದಾಗ ದಂಡೆಯ ಹಳ್ಳಿಗಳಿಗೆ ಆಸರೆ ಬೇಕು. ಜಿಲ್ಲಾ ಸಹಾಯವಾಣಿ 1077ಕ್ಕೆ ನಿಮ್ಮ ಹಾಲಿನ ವಿಳಾಸ ಮೊದಲೇ ಕೊಟ್ಟಿಡಿ.

300 ಜನ ಕೂರುವ ಹಾಲಿನಲ್ಲಿ 300 ಜನ ಮಲಗಲಾರರು. ಅಂತರರಾಷ್ಟ್ರೀಯ ಮಾನದಂಡ ಒಬ್ಬರಿಗೆ 3.5 ಚದರ ಮೀಟರ್. 60 ಅಡಿ ಉದ್ದ, 30 ಅಡಿ ಅಗಲದ ಹಾಲು ಎಂದರೆ ಸುಮಾರು 167 ಚದರ ಮೀಟರ್, ಅಂದರೆ 47 ಜನ. ಇದಕ್ಕಿಂತ ಹೆಚ್ಚು ತುಂಬಿದರೆ ಮೂರನೇ ದಿನಕ್ಕೆ ಕೆಮ್ಮು, ವಾಂತಿ-ಭೇದಿ, ಜಗಳ ಎಲ್ಲವೂ ಸುರು. ನೀರು ಒಬ್ಬರಿಗೆ ದಿನಕ್ಕೆ 15 ಲೀಟರ್. 47 ಜನಕ್ಕೆ 705 ಲೀಟರ್, ಒಂದು ಸಾವಿರ ಲೀಟರ್ ಟಾಕಿ ದಿನಾ ತುಂಬಬೇಕು. ಶೌಚಾಲಯ 20 ಜನಕ್ಕೆ ಒಂದು, ಹೆಣ್ಣುಮಕ್ಕಳದು ಬೇರೆ, ರಾತ್ರಿ ಅಲ್ಲಿಯವರೆಗೆ ದೀಪ. ಟಾಕಿಯ ತಿಳಿ ನೀರಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಬಕೆಟ್ಟಿನಲ್ಲಿ ಕಲಸಿ, ಕೆಳಗಿಳಿದ ಸುಣ್ಣ ಬಿಟ್ಟು ಮೇಲಿನ ತಿಳಿ ಮಾತ್ರ ಹಾಕಿ ಒಂದು ತಾಸು ಬಿಡಿ. ಹಳೆಯ, ಬಾಯಿ ತೆರೆದ ಚೀಲದ ಪೌಡರಿಗೆ ಸತ್ವ ಇರುವುದಿಲ್ಲ.

ಊಟಕ್ಕೆ ಎಲ್ಲರೂ ಅಕ್ಕಿ ಚೀಲ ತರುತ್ತಾರೆ. ಒಲೆ ತೊಯ್ದವರಿಗೆ ಅಕ್ಕಿ ಏನು ಮಾಡಲು? ಮೊದಲ ಮೂರು ದಿನ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ). ಬೇಯಿಸಬೇಕಾಗಿಲ್ಲ, ಒಣಗಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಸಭೆಯ ಹೆಣ್ಣುಮಕ್ಕಳು ಓಣಿಯ ಉಳಿದ ಹೆಣ್ಣುಮಕ್ಕಳ ಜೊತೆ ಕೂತು ರೊಟ್ಟಿ ಬಡಿದರೆ ಅದೇ ದೊಡ್ಡ ಸಾಕ್ಷಿ. ಮನೆಗೆ ಮರಳುವಾಗ ಐದು ಜನರ ಕುಟುಂಬಕ್ಕೆ ವಾರಕ್ಕೆ 10 ಕೆ.ಜಿ. ಜೋಳದ ಹಿಟ್ಟು, ಹಂಚು, ಚಾದರ, ಸೋಪು, ಮುಟ್ಟಿನ ಬಟ್ಟೆ. ಹಳೇ ಬಟ್ಟೆ ಬೇಡವೆಂದು ಗೇಟಿನಲ್ಲೇ ಬರೆದು ಹಾಕಿ. ಅದನ್ನು ಬೇರ್ಪಡಿಸಲು ನಾಲ್ಕು ಜನ ನಾಲ್ಕು ದಿನ ಬೇಕು, ಕೊನೆಗೆ ರಸ್ತೆ ಬದಿಗೆ ಬೀಳುತ್ತದೆ. ತೆಗೆದುಕೊಳ್ಳುವವರ ಮುಖದ ಫೋಟೋ ತೆಗೆಯಬೇಡಿ. ಚೀಲದ ಮೇಲೆ ಬೈಬಲ್ ವಚನ ಅಚ್ಚು ಹಾಕಿಸಬೇಡಿ.

ನ್ಯಾಯ_ನೀತಿ

ವಚನಾನೂ ಬ್ಯಾಡ ಅಂದ್ರ ನಮ್ಮ ನಂಬಿಕಿ ಮುಚ್ಚಿಟ್ಟಂಗ ಆಗೂದುಲ್ಲೇನು?

ಬೆಟಗೇರಿ_ದಾಖಲೆ

ಇಲ್ಲ. ಹಾಲಿನ ಮೇಲೆ ಶಿಲುಬೆ ಇದೆ, ಯಾರು ಕೊಡುತ್ತಿದ್ದಾರೆಂದು ಎಲ್ಲರಿಗೂ ಗೊತ್ತು. ಹಸಿದವನ ಕೈಗೆ ರೊಟ್ಟಿಯೊಂದಿಗೆ ವಚನವನ್ನೂ ಇಟ್ಟರೆ ಬೇಡ ಎನ್ನುವ ಸ್ವಾತಂತ್ರ್ಯ ಅವನಿಗಿರುವುದಿಲ್ಲ. ಆರು ತಿಂಗಳ ನಂತರ ಅವನೇ ಬಂದು ಕೇಳಿದರೆ ಹೇಳಿ, ಆಗ ಅವನ ಹೊಟ್ಟೆ ತುಂಬಿರುತ್ತದೆ.

ಲೆಕ್ಕ_ಪತ್ರ_ಹಾವೇರಿ

ದುಡ್ಡಿನ ಕಡೆ. ವಿದೇಶಿ ವಂತಿಗೆ ಕಾಯ್ದೆಯ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಭೆ ಹೊರದೇಶದ ಸಭೆಯಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ಮಗ ದುಬೈನಿಂದ ತನ್ನ ಸ್ವಂತ ದುಡಿಮೆಯನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಅಲ್ಲಿನ ಸಭೆ ಕೂಡಿಸಿದ ಹಣವನ್ನು ಅವನ ಖಾತೆಯಿಂದ ಕಳಿಸಿದರೆ ತಪ್ಪು. 2020ರ ತಿದ್ದುಪಡಿಯ ಮೇಲೆ ನೋಂದಣಿ ಇರುವ ಸಂಸ್ಥೆಯೂ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಒಳ್ಳೆಯ ಮನಸ್ಸಿನವರು ಎಡವುವುದು ಇಲ್ಲಿ.

ಹಾಲಿನ ಕೆಲಸಕ್ಕೆ ಬೇರೆ ಪುಸ್ತಕ, ಬೇರೆ ರಸೀದಿ, ಎರಡು ಸಹಿ. ಕಾಣಿಕೆ ಚೀಲದ ಹಣ ಇದಕ್ಕೆ ಬಳಸಿದರೆ ಠರಾವು ಇರಲಿ. ತಿಂಗಳ ಜಮಾ-ಖರ್ಚು ಗೇಟಿನ ಬೋರ್ಡಿಗೆ ಹಚ್ಚಿ. ಹಾಲನ್ನು ಮದುವೆಗೆ ಬಾಡಿಗೆ ಕೊಡುವುದಿದ್ದರೆ ಕರ ಸಲಹೆಗಾರರನ್ನು ಕೇಳಿ. ಪೂಜಾಸ್ಥಳಕ್ಕಿರುವ ಆಸ್ತಿ ತೆರಿಗೆಯ ವಿನಾಯಿತಿ ಬಾಡಿಗೆ ಹುಟ್ಟುವ ಭಾಗಕ್ಕೆ ಸಿಗುವುದಿಲ್ಲ.

ಹಾಲ್_ಕಮಿಟಿ_ಹುಬ್ಬಳ್ಳಿ

ಎಲ್ಲರಿಗೂ ವಂದನೆ. ಲೆಕ್ಕ ಬೋರ್ಡಿಗೆ ಹಚ್ಚುವುದಕ್ಕೆ ಒಬ್ಬ ಹಿರಿಯರದು ತಕರಾರು ಇದೆ: ದಾನ ಎಡಗೈಗೂ ತಿಳಿಯಬಾರದೆಂದು ಮತ್ತಾಯ 6ರಲ್ಲಿ ಇದೆಯಲ್ಲ ಎನ್ನುತ್ತಾರೆ.

ಲೆಕ್ಕ_ಪತ್ರ_ಹಾವೇರಿ

ಅದು ಕೊಡುವವನಿಗೆ ಹೇಳಿದ ಮಾತು. ಕೂಡಿಸಿದ ಹಣ ಕೈಯಲ್ಲಿ ಹಿಡಿದವನಿಗೆ ಕೊರಿಂಥದವರಿಗೆ ಬರೆದ ಎರಡನೇ ಪತ್ರ 8:20-21 ಇದೆ. ಯೆರೂಸಲೇಮಿನ ಬಡವರ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗೆ ಕರೆದುಕೊಂಡ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಬೇಕೆಂದು. ಬೋರ್ಡಿನಲ್ಲಿ ಕೊಟ್ಟವರ ಹೆಸರು ಹಾಕಬೇಡಿ, ಮೊತ್ತ ಹಾಕಿ. ಎರಡೂ ವಚನ ನಿಂತವು.

ಹಾಲ್_ಕಮಿಟಿ_ಹುಬ್ಬಳ್ಳಿ

ಇದನ್ನು ಅವರಿಗೆ ತೋರಿಸುತ್ತೇನೆ. ಕೊನೆಯದೊಂದು: ಶಿಬಿರದ ದಿನ ಮೈಕ್ ಹಾಕಬಹುದೇ?

ಚುನಾವಣಾ_ಕೆಲಸ_ಧಾರವಾಡ

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಹಗಲಿನಲ್ಲಿ ವಸತಿ ಪ್ರದೇಶಕ್ಕೆ ಮಿತಿ 55 ಡೆಸಿಬಲ್, ಹೊರಗೆ ಹಾಕುವುದಿದ್ದರೆ ಪೊಲೀಸರ ಲಿಖಿತ ಅನುಮತಿ ಬೇಕು. ಶಾಲೆ, ದವಾಖಾನೆ, ಕೋರ್ಟಿನ 100 ಮೀಟರಿನೊಳಗಿದ್ದರೆ ಇನ್ನೂ ಬಿಗಿ. ನಿಮ್ಮ ಕೆಲಸಕ್ಕೆ ಮೈಕ್ ಬೇಕಿಲ್ಲ. ಹಿಂದಿನ ಎರಡು ದಿನ ಇಬ್ಬಿಬ್ಬರು ಮನೆಮನೆಗೆ ಹೋಗಿ, ಯಾವ ಕಾಗದ ತರಬೇಕು ಎಂಬ ಚೀಟಿ ಕೊಟ್ಟು ಬನ್ನಿ. ಒಬ್ಬರು ಸಭೆಯವರು, ಒಬ್ಬರು ಓಣಿಯವರು.